ಸುರಕ್ಷತಾ ಕಾನೂನಿಗೆ ತಿದ್ದುಪಡಿ ಕೇಳುವ ಬಗೆ: ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಕಾರ್ಮಿಕ ಸಂಘಟನೆಗಳಿಗೆ

ಕಾರ್ಖಾನೆಯಲ್ಲೋ ಗಣಿಯಲ್ಲೋ ಸಾವು ಸಂಭವಿಸಿದ ಮರುದಿನ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂರುವುದು, ಸಂಜೆಗೆ ಮನವಿಪತ್ರ ಕೊಟ್ಟು ಏಳುವುದು ನಮ್ಮ ಮೂರೂ ಜಿಲ್ಲೆಗಳಲ್ಲಿ ರೂಢಿಯಾಗಿದೆ. ಮನವಿಯ ಕೊನೆಯಲ್ಲಿ ‘ಕಾರ್ಮಿಕರ ಸುರಕ್ಷತಾ ಕಾನೂನುಗಳನ್ನು ಕೂಡಲೇ ಬಿಗಿಗೊಳಿಸಬೇಕು’ ಎಂಬ ಸಾಲು ಇದ್ದೇ ಇರುತ್ತದೆ. ಪರಿಹಾರದ ಬೇಡಿಕೆಗೆ ಅಷ್ಟೋ ಇಷ್ಟೋ ಉತ್ತರ ಸಿಗುತ್ತದೆ, ಈ ಸಾಲಿಗೆ ಮಾತ್ರ ಎಂದೂ ಸಿಗುವುದಿಲ್ಲ. ಯಾವ ಕಾನೂನಿನ ಯಾವ ಕಲಮನ್ನು ಯಾರು ಹೇಗೆ ಬದಲಿಸಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಜಿಲ್ಲಾಧಿಕಾರಿಗಳಿಗೆ ಕಾನೂನನ್ನು ತಿದ್ದುವ ಅಧಿಕಾರವೂ ಇಲ್ಲ. ಆ ಒಂದು ಸಾಲನ್ನು ಬೆಳೆಸಿ, ಇಲಾಖೆಯು ಸುಮ್ಮನೆ ಪಕ್ಕಕ್ಕಿಡಲು ಸಾಧ್ಯವಾಗದಂಥ ಎರಡು ಮೂರು ಪುಟಗಳ ಪ್ರಸ್ತಾವವನ್ನಾಗಿ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2025ರ ನವೆಂಬರ್ 21ರಿಂದ ‘ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020’ ಜಾರಿಗೆ ಬಂದಿದೆ. 1948ರ ಕಾರ್ಖಾನೆಗಳ ಕಾಯಿದೆ, 1952ರ ಗಣಿ ಕಾಯಿದೆ, 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ, 1996ರ ಕಟ್ಟಡ ಕಾರ್ಮಿಕರ ಕಾಯಿದೆಗಳೂ ಸೇರಿದಂತೆ 13 ಕಾನೂನುಗಳು ಇದರಲ್ಲಿ ವಿಲೀನವಾಗಿವೆ. ಹಳೆಯ ಕಾಯಿದೆಗಳಲ್ಲಿ ಸಂಸತ್ತೇ ಬರೆದಿಟ್ಟಿದ್ದ ಎಷ್ಟೋ ವಿವರಗಳನ್ನು ಹೊಸ ಸಂಹಿತೆಯು ಸರ್ಕಾರಗಳು ಮಾಡುವ ನಿಯಮಗಳಿಗೂ ಅಧಿಸೂಚನೆಗಳಿಗೂ ಬಿಟ್ಟುಕೊಟ್ಟಿದೆ. ಇದರಿಂದ ಕಾರ್ಮಿಕರಿಗೆ ನಷ್ಟವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಕಾಯಿದೆಯನ್ನು ಸಡಿಲಿಸಲು ಸದನದಲ್ಲಿ ಚರ್ಚೆಯಾಗಬೇಕು, ನಿಯಮವನ್ನು ಸಡಿಲಿಸಲು ಒಂದು ಅಧಿಸೂಚನೆ ಸಾಕು. ಆದರೆ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ. ಸಂಸತ್ತಿನ ಕಾಯಿದೆಯನ್ನು ಗಂಗಾವತಿಯಲ್ಲೋ ಸಂಡೂರಿನಲ್ಲೋ ಕುಳಿತ ಸಂಘವೊಂದು ತಿದ್ದಿಸುವುದು ದೂರದ ಮಾತು. ಕರಡು ನಿಯಮವೊಂದಕ್ಕೆ ಆಕ್ಷೇಪಣೆ ಸಲ್ಲಿಸಿ ಅದರ ಒಂದು ಅಂಕಿಯನ್ನೋ ಒಂದು ವಾಕ್ಯವನ್ನೋ ಬದಲಿಸುವಂತೆ ಮಾಡುವುದು ಸಾಧ್ಯವಿರುವ ಕೆಲಸ. ಆದ್ದರಿಂದ ಮುಂದಿನ ವಿವರಣೆಯ ಬಹುಪಾಲು ನಿಯಮಗಳಿಗೇ ಸಂಬಂಧಿಸಿದೆ.

ಅಧಿಕಾರ ಯಾರದೆಂದು ಮೊದಲು ಖಚಿತಪಡಿಸಿಕೊಳ್ಳಿರಿ

ಕಾರ್ಮಿಕ ವಿಷಯವು ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿದೆ, ಎಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು. ಗಣಿಗಳಲ್ಲಿನ ಕಾರ್ಮಿಕರ ಹಾಗೂ ಸುರಕ್ಷತೆಯ ನಿಯಂತ್ರಣ ಮಾತ್ರ ಕೇಂದ್ರ ಪಟ್ಟಿಯ 55ನೆಯ ನಮೂದು. ನಮ್ಮ ಭಾಗದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯವಾದದ್ದು. ಸಂಡೂರಿನ ಗುಡ್ಡದಲ್ಲಿ ಅದಿರು ಅಗೆಯುವವನ ಸುರಕ್ಷತೆ ಕೇಂದ್ರದ ಹೊಣೆ. ಅದೇ ಅದಿರು ಟಿಪ್ಪರ್‌ನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗೇಟು ದಾಟಿದ ಮೇಲೆ ಅದನ್ನು ಕುಲುಮೆಗೆ ಹಾಕುವವನ ಸುರಕ್ಷತೆ ರಾಜ್ಯದ ಹೊಣೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯು ರಾಜ್ಯ ಸರ್ಕಾರದ ಕಂಪನಿಯದ್ದಾದರೂ ಗಣಿಯೊಳಗಿನ ಸುರಕ್ಷತೆಯ ಮೇಲ್ವಿಚಾರಣೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ಅದರ ಕೇಂದ್ರ ಕಚೇರಿ ಧನಬಾದಿನಲ್ಲಿದೆ, ಬಳ್ಳಾರಿಯಲ್ಲಿ ಪ್ರಾದೇಶಿಕ ಕಚೇರಿಯಿದೆ. ಶಕ್ತಿನಗರ, ಕುಡತಿನಿ, ಯರಮರಸ್‌ಗಳ ಶಾಖೋತ್ಪನ್ನ ಸ್ಥಾವರಗಳು, ಕೊಪ್ಪಳದ ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಘಟಕಗಳು, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳು, ಕಾರಟಗಿ ಮತ್ತು ಸಿಂಧನೂರುಗಳ ಅಕ್ಕಿ ಗಿರಣಿಗಳು ರಾಜ್ಯದ ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಗಿರಣಿಯ ಬಾಯ್ಲರ್ ಸಿಡಿದರೆ ಅದಕ್ಕೆ ಬೇರೆಯೇ ಕಾನೂನಿದೆ: 1923ರ ಹಳೆಯದರ ಬದಲಿಗೆ ಬಂದಿರುವ 2025ರ ಬಾಯ್ಲರ್ ಕಾಯಿದೆ. ಅದನ್ನು ಈ ಸಂಹಿತೆಯೊಂದಿಗೆ ಬೆರೆಸಿ ಬರೆದರೆ ಪ್ರಸ್ತಾವದ ಅರ್ಧ ಬಲ ಅಲ್ಲಿಯೇ ಹೋಗುತ್ತದೆ.

ರಾಜ್ಯದ ವ್ಯಾಪ್ತಿಯ ಕಾರ್ಖಾನೆಯಾದರೂ ಎಲ್ಲವನ್ನೂ ಬೆಂಗಳೂರಿನಿಂದ ಕೇಳಲಾಗದು ಎಂಬುದನ್ನು ಗಮನಿಸಿರಿ. ಸುರಕ್ಷತಾ ಮಾನದಂಡಗಳನ್ನು ಘೋಷಿಸುವ ಅಧಿಕಾರವನ್ನು ಸಂಹಿತೆಯ 18ನೆಯ ಕಲಂ ಕೇಂದ್ರಕ್ಕೆ ಕೊಟ್ಟಿದೆ. ಗಾಳಿ, ಉಷ್ಣತೆ, ಆರ್ದ್ರತೆ, ಕುಡಿಯುವ ನೀರು, ಶೌಚಾಲಯ ಮುಂತಾದ ಕೆಲಸದ ಸ್ಥಿತಿಗತಿಗಳ ವಿವರವನ್ನೂ 23ನೆಯ ಕಲಮಿನಡಿ ಕೇಂದ್ರವೇ ನಿಗದಿಪಡಿಸಬೇಕು. ಸುರಕ್ಷತಾ ಸಮಿತಿ ಯಾವ ಕಾರ್ಖಾನೆಗಳಲ್ಲಿ ಇರಬೇಕು, ಕಾರ್ಮಿಕ ಪ್ರತಿನಿಧಿಗಳ ಆಯ್ಕೆ ಹೇಗೆ ನಡೆಯಬೇಕು, ವಿರಾಮಗಳೂ ಸೇರಿ ದಿನದ ಪಾಳಿ ಎಷ್ಟು ಗಂಟೆಗಳಿಗೆ ಹರಡಬಹುದು ಎಂಬಂಥವು ‘ಸೂಕ್ತ ಸರ್ಕಾರ’ದ ಕೈಯಲ್ಲಿವೆ, ಎಂದರೆ ನಮ್ಮ ಕಾರ್ಖಾನೆಗಳ ಮಟ್ಟಿಗೆ ರಾಜ್ಯದ ಕೈಯಲ್ಲಿ. ಇನ್ನು ಸಂಹಿತೆಯ ಪಠ್ಯದಲ್ಲೇ ಅಚ್ಚಾಗಿರುವ ಅಂಕಿಗಳನ್ನು ಯಾವ ನಿಯಮವೂ ಬದಲಿಸಲಾರದು. ಅವುಗಳಿಗೆ ಸಂಸತ್ತಿನ ತಿದ್ದುಪಡಿ ಬೇಕು, ಇಲ್ಲವೇ ಸಂವಿಧಾನದ 254(2)ನೆಯ ಅನುಚ್ಛೇದದ ಪ್ರಕಾರ ರಾಷ್ಟ್ರಪತಿಗಳ ಅಂಕಿತ ಪಡೆದ ರಾಜ್ಯ ತಿದ್ದುಪಡಿ ಬೇಕು. ರಾಜ್ಯ ತಿದ್ದುಪಡಿಯೆಂದರೆ ಆಗದ ಹೋಗದ ಮಾತೆಂದು ಅಧಿಕಾರಿಗಳು ಹೇಳಿದರೆ 2023ನ್ನು ನೆನಪಿಸಿರಿ. ಆ ವರ್ಷ ಕರ್ನಾಟಕವು ಕಾರ್ಖಾನೆಗಳ ಕಾಯಿದೆಯನ್ನು ತಿದ್ದಿ, ವಾರಕ್ಕೆ 48 ಗಂಟೆಗಳ ಮಿತಿಯೊಳಗೆ ದಿನಕ್ಕೆ 12 ಗಂಟೆಗಳವರೆಗೆ ದುಡಿಸಲು ಅವಕಾಶ ಮಾಡಿಕೊಟ್ಟಿತು, ಮೂರು ತಿಂಗಳ ಓಟಿ (ಹೆಚ್ಚುವರಿ ದುಡಿಮೆ) ಮಿತಿಯನ್ನು 75 ಗಂಟೆಗಳಿಂದ ಬಹುತೇಕ ಇಮ್ಮಡಿಗೆ ಏರಿಸಿತು. ಮನಸ್ಸು ಮಾಡಿದರೆ ತಿದ್ದುಪಡಿ ಆಗುತ್ತದೆ.

ಹಳೆಯ ಕಾಯಿದೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿರಿ

ಕರಡು ನಿಯಮವನ್ನು ಮಾತ್ರ ಓದಿದರೆ ಅದರಲ್ಲಿ ಏನಿದೆ ಎಂಬುದಷ್ಟೇ ತಿಳಿಯುತ್ತದೆ. ಏನು ಬಿಟ್ಟುಹೋಗಿದೆ ಎಂಬುದು ತಿಳಿಯಬೇಕಾದರೆ 1948ರ ಕಾಯಿದೆಯ ನಾಲ್ಕನೆಯ ಮತ್ತು ನಾಲ್ಕು-ಎ ಅಧ್ಯಾಯಗಳನ್ನು ಎದುರಿಗಿಟ್ಟುಕೊಂಡು, ಒಂದೊಂದು ಕಲಮೂ ಹೊಸದರಲ್ಲಿ ಎಲ್ಲಿ ಹೋಗಿ ಕೂತಿದೆ ಎಂದು ಹುಡುಕಬೇಕು. ಬೇಸರದ ಕೆಲಸ ಹೌದು, ಆದರೆ ಇಡೀ ಪ್ರಯತ್ನದಲ್ಲಿ ಹೆಚ್ಚು ಫಲ ಕೊಡುವ ಭಾಗವೂ ಇದೇ.

ಸ್ಪಾಂಜ್ ಐರನ್ ಘಟಕದ ಒಂದು ಕೆಲಸವನ್ನೇ ತೆಗೆದುಕೊಳ್ಳೋಣ. ಉದ್ದನೆಯ ಕಿಲ್ನ್ (ತಿರುಗುವ ಕುಲುಮೆ) ದಿನಗಟ್ಟಲೆ ತಿರುಗುತ್ತಿರುವಾಗ ಅದರ ಒಳಗೋಡೆಗೆ ಅದಿರು, ಬೂದಿ ಸೇರಿ ಗಟ್ಟಿಯಾದ ಉಂಗುರ ಕಟ್ಟಿಕೊಳ್ಳುತ್ತದೆ. ದಾರಿ ಕಿರಿದಾಗುತ್ತ ಬಂದಂತೆ ಶಟ್‌ಡೌನ್ ಮಾಡಿ, ಒಳಗೆ ಆಳುಗಳನ್ನು ಇಳಿಸಿ ಅದನ್ನು ಒಡೆಸುತ್ತಾರೆ. ಈ ಕೆಲಸ ಸಾಮಾನ್ಯವಾಗಿ ಗುತ್ತಿಗೆದಾರನ ಕಡೆಯವರದ್ದು. ಕಿಲ್ನ್ ನಿಂತಿರುವ ಒಂದೊಂದು ಗಂಟೆಯೂ ಮಾಲೀಕರಿಗೆ ನಷ್ಟದ ಗಂಟೆಯಾದ್ದರಿಂದ ತಣಿಯುವ ಮುಂಚೆಯೇ ಒಳಗೆ ಹೋಗುವಂತೆ ಒತ್ತಡ ಬೀಳುತ್ತದೆ. ಒಳಗೆ ಕಾವು ಒಂದು ಕಡೆ, ಉಳಿದುಕೊಂಡ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಕಡೆ. ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಳೆಯ ಕಾಯಿದೆಯ 36ನೆಯ ಕಲಂ ಇಂಥ ಜಾಗಗಳ ಬಗ್ಗೆ ನೇರವಾಗಿ ಮಾತಾಡುತ್ತಿತ್ತು: ಅಪಾಯಕಾರಿ ಅನಿಲ ಇರಬಹುದಾದ ಕೋಣೆ, ಟ್ಯಾಂಕು, ಹೊಗೆಕೊಳವೆಗಳೊಳಗೆ ಹೋಗುವ ಮುನ್ನ ಅನಿಲವನ್ನು ಹೊರಹಾಕುವ ಎಲ್ಲ ಕ್ರಮ ಕೈಗೊಂಡಿರಬೇಕು, ಸಮರ್ಥ ವ್ಯಕ್ತಿಯೊಬ್ಬ ತಾನೇ ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಡಬೇಕು, ಇಲ್ಲವಾದರೆ ಒಳಹೋಗುವವನಿಗೆ ಉಸಿರಾಟದ ಉಪಕರಣ ಮತ್ತು ಹೊರಗಿನವರು ಹಿಡಿದ ಹಗ್ಗಕ್ಕೆ ಕಟ್ಟಿದ ಬೆಲ್ಟು ಇರಬೇಕು. ಇಷ್ಟೂ ಸಂಸತ್ತಿನ ಕಾಯಿದೆಯ ಮಾತುಗಳಾಗಿದ್ದವು. ಹೊಸ ಸಂಹಿತೆಯ ಪಠ್ಯದಲ್ಲಿ ಯಂತ್ರದ ಬೇಲಿ, ಹೊಗೆಕೊಳವೆ, ಹಗ್ಗ ಇವುಗಳ ಬಗ್ಗೆ ಇಂಥ ವಿವರವಾದ ಷರತ್ತುಗಳಿಲ್ಲ. ಅಪಾಯಮುಕ್ತ ಕೆಲಸದ ಸ್ಥಳವನ್ನು ಒದಗಿಸುವುದು ಮಾಲೀಕನ ಕರ್ತವ್ಯ ಎಂಬ 6ನೆಯ ಕಲಮಿನ ವಿಶಾಲವಾದ ಮಾತಿದೆ, ಉಳಿದದ್ದು ನಿಯಮ ಮತ್ತು ಮಾನದಂಡಗಳ ಪಾಲು. ಆದ್ದರಿಂದ 36ನೆಯ ಕಲಮಿನ ಒಂದೊಂದು ಷರತ್ತೂ ಹೊಸ ಮಾನದಂಡದಲ್ಲಿ ಅಷ್ಟೇ ಬಿಗಿಯಾಗಿ ಬಂದಿದೆಯೇ ಎಂದು ನೋಡಬೇಕು, ಬಂದಿಲ್ಲದಿದ್ದರೆ ಆ ವಾಕ್ಯವನ್ನೇ ಎತ್ತಿ ಬರೆದು ‘ಇದನ್ನು ಉಳಿಸಿಕೊಳ್ಳಬೇಕು’ ಎಂದು ಕೇಳಬೇಕು. ಹೊಸ ಹಕ್ಕನ್ನು ಕೇಳುವುದಕ್ಕಿಂತ, ಇದ್ದ ಹಕ್ಕನ್ನು ಏಕೆ ತೆಗೆದಿರಿ ಎಂದು ಕೇಳುವುದು ಯಾವಾಗಲೂ ಗಟ್ಟಿಯಾದ ವಾದ.

ಸುರಕ್ಷತಾ ಸಮಿತಿಯ ಮಾತೂ ಹೀಗೆಯೇ. 1984ರ ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ ಸೇರಿಸಿದ 41-ಜಿ ಕಲಂ ಅಪಾಯಕಾರಿ ಪ್ರಕ್ರಿಯೆಯಿರುವ ಪ್ರತಿಯೊಂದು ಕಾರ್ಖಾನೆಯಲ್ಲಿ ಕಾರ್ಮಿಕರೂ ಆಡಳಿತವೂ ಸಮಸಂಖ್ಯೆಯಲ್ಲಿರುವ ಸಮಿತಿಯನ್ನು ಕಡ್ಡಾಯಗೊಳಿಸಿತ್ತು. ಸಂಹಿತೆಯ 22ನೆಯ ಕಲಮಿನಡಿ ಸಮಿತಿ ಬೇಕೋ ಬೇಡವೋ ಎಂಬುದು ಸರ್ಕಾರದ ಆದೇಶವನ್ನು ಅವಲಂಬಿಸಿದೆ. ಅದೇ ಕಲಮಿನ ಪ್ರಕಾರ ಸುರಕ್ಷತಾ ಅಧಿಕಾರಿಯ ನೇಮಕ 500 ಕಾರ್ಮಿಕರಿರುವ ಕಾರ್ಖಾನೆಗೆ, ಅಪಾಯಕಾರಿ ಪ್ರಕ್ರಿಯೆಯಾದರೆ 250 ಕಾರ್ಮಿಕರಿಗೆ, ಗಣಿಯಾದರೆ 100 ಕಾರ್ಮಿಕರಿಗೆ ಕಡ್ಡಾಯ. ಸಮಿತಿಯ ವಿಷಯದಲ್ಲಿ ರಾಜ್ಯವನ್ನು ಒಪ್ಪಿಸುವ ಅವಕಾಶ ಇನ್ನೂ ಇದೆ, ಅಧಿಕಾರಿಯ ವಿಷಯದಲ್ಲಿ ಅಂಕಿ ಸಂಹಿತೆಯಲ್ಲೇ ಕೂತಿದೆ. ನಿಮ್ಮ ಶ್ರಮವನ್ನು ಎಲ್ಲಿ ಹಾಕಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಹೊಸದರಲ್ಲಿ ಒಳ್ಳೆಯದೇನೂ ಇಲ್ಲವೆಂದು ಬರೆದುಬಿಡಬೇಡಿರಿ. ಅದು ಸತ್ಯವೂ ಅಲ್ಲ, ತಂತ್ರವಾಗಿ ಸರಿಯೂ ಅಲ್ಲ. ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕೆಂಬ ಷರತ್ತು, ಗೇಟ್ ಪಾಸ್ ಬಿಟ್ಟರೆ ಬೇರೆ ಕಾಗದವನ್ನೇ ಕಾಣದ ನಮ್ಮ ಗುತ್ತಿಗೆ ಕಾರ್ಮಿಕರಿಗೆ ದೊಡ್ಡದು. ನಿಗದಿತ ವಯಸ್ಸಿನ ಅಥವಾ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯಿದೆ. ಜೀವಕ್ಕೆ ಅಪಾಯವಿದೆ ಎಂದು ಅನ್ನಿಸಿದಾಗ ಮಾಲೀಕನಿಗೂ ಅದೇ ಹೊತ್ತಿಗೆ ತಪಾಸಣಾಧಿಕಾರಿಗೂ ತಿಳಿಸುವ ಹಕ್ಕು ಮೊದಲು ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಿಗೆ ಸೀಮಿತವಾಗಿತ್ತು, ಈಗ 14ನೆಯ ಕಲಮಿನ ಮೂಲಕ ಎಲ್ಲ ಸಂಸ್ಥೆಗಳ ನೌಕರರಿಗೂ ಬಂದಿದೆ. ತಿಳಿಸಿದ ಮೇಲೆ, ತೀರ್ಮಾನ ಬರುವವರೆಗೆ, ಸಂಬಳ ಕಡಿತವಿಲ್ಲದೆ ಆ ಜಾಗದಿಂದ ದೂರ ಸರಿದು ನಿಲ್ಲಬಹುದೇ ಎಂಬುದನ್ನು ಮಾತ್ರ ಸಂಹಿತೆ ಸ್ಪಷ್ಟವಾಗಿ ಹೇಳುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 155ನೆಯ ಒಡಂಬಡಿಕೆಯ 13ನೆಯ ವಿಧಿ ಹಾಗೆ ಸರಿದು ನಿಂತವನಿಗೆ ರಕ್ಷಣೆ ಕೊಡಬೇಕೆನ್ನುತ್ತದೆ, ಸುರಕ್ಷಿತ ಕೆಲಸದ ವಾತಾವರಣವನ್ನು ಆ ಸಂಘಟನೆಯು 2022ರ ಜೂನ್‌ನಲ್ಲಿ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿದೆ. ಕಿಲ್ನ್ ಬಾಯಿಯಲ್ಲಿ ನಿಂತ ಗುತ್ತಿಗೆ ಆಳಿಗೆ ಬೇರೆಲ್ಲ ಹಕ್ಕಿಗಿಂತ ಮೊದಲು ಬೇಕಾದದ್ದು ಇದು ಎಂಬುದು ನನ್ನ ಎಣಿಕೆ.

ಅಂಕಿಯ ಗೆರೆಯ ಹೊರಗೆ ಉಳಿದವರು

ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ದುಡಿಯುತ್ತಿದ್ದರೆ ಅದು ಕಾರ್ಖಾನೆ ಎಂಬುದು ಹಳೆಯ ವ್ಯಾಖ್ಯೆ. ಹೊಸದರಲ್ಲಿ ಆ ಅಂಕಿಗಳು 20 ಮತ್ತು 40 ಆಗಿವೆ. ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯವಾಗಲು 20ರ ಬದಲು 50 ಜನ ಇರಬೇಕು. ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಆಪರೇಟರ್, ಬಾಯ್ಲರ್ ನೋಡುವವನು, ಹಮಾಲರು ಎಲ್ಲ ಸೇರಿ 14 ಜನ ಇದ್ದಾರೆಂದು ಇಟ್ಟುಕೊಳ್ಳಿರಿ. ಅದು ಇನ್ನು ಕಾರ್ಖಾನೆಯಲ್ಲ. ಆದರೆ 10 ಜನರಿಗಿಂತ ಹೆಚ್ಚಿರುವುದರಿಂದ ‘ಸಂಸ್ಥೆ’ ಎನ್ನಿಸಿಕೊಳ್ಳುತ್ತದೆ, ಮಾಲೀಕನ ಸಾಮಾನ್ಯ ಕರ್ತವ್ಯಗಳು ಅದಕ್ಕೂ ಅನ್ವಯಿಸುತ್ತವೆ. ಬಳ್ಳಾರಿಯ ಓಣಿಗಳಲ್ಲಿ ಆರೇಳು ಮಷಿನ್ ಹಾಕಿಕೊಂಡು ಜೀನ್ಸ್ ಹೊಲಿಯುವ ಮನೆಗಳು ಈ ಗೆರೆಯಿಂದಲೂ ಹೊರಗೆ. ಹತ್ತಕ್ಕಿಂತ ಕಡಿಮೆ ಜನರಿದ್ದರೂ, ಕೆಲಸ ಅಪಾಯಕಾರಿಯೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದರೆ ಸಂಹಿತೆ ಅನ್ವಯವಾಗುತ್ತದೆ ಎಂಬ ಒಂದು ಪರಂತುಕ (ವಿನಾಯಿತಿಯ ವಾಕ್ಯ) ಇದೆ. ಸಣ್ಣ ಜೀನ್ಸ್ ವಾಷಿಂಗ್ ಘಟಕಗಳನ್ನೂ ಕಲ್ಲಿನ ಕ್ರಷರ್‌ಗಳನ್ನೂ ಆ ಅಧಿಸೂಚನೆಯಲ್ಲಿ ಸೇರಿಸಬೇಕೆಂದು ಕೇಳುವುದು ಸಂಸತ್ತಿನ ತಿದ್ದುಪಡಿಯನ್ನು ಕಾಯುವುದಕ್ಕಿಂತ ಹತ್ತಿರದ ದಾರಿ.

ಸಾಕ್ಷ್ಯವನ್ನು ಕೂಡಿಸುವುದು

ಅಧಿಕಾರಿಗಳು ಮೊದಲು ಕೇಳುವುದು ‘ಎಷ್ಟು ಪ್ರಕರಣ?’ ಎಂದೇ. ಮಾಹಿತಿ ಹಕ್ಕು ಕಾಯಿದೆ, 2005ರ ಅರ್ಜಿಯಿಂದ ಆರಂಭಿಸಿರಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಆದ್ದರಿಂದ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕದೆ ಬಿಡಿಸಿ ಹಾಕಬೇಕು: ಐದು ವರ್ಷಗಳಲ್ಲಿ ತಾಲ್ಲೂಕುವಾರು ವರದಿಯಾದ ಮಾರಣಾಂತಿಕ ಅಪಘಾತಗಳಿಗೆ ಒಂದು, ಹೂಡಿದ ಮೊಕದ್ದಮೆಗಳು ಹಾಗೂ ನ್ಯಾಯಾಲಯ ವಿಧಿಸಿದ ದಂಡಕ್ಕೆ ಒಂದು, ಮಂಜೂರಾದ ಮತ್ತು ಭರ್ತಿಯಾದ ತಪಾಸಣಾಧಿಕಾರಿಗಳ ಹುದ್ದೆಗಳಿಗೆ ಒಂದು, ಔದ್ಯೋಗಿಕ ಕಾಯಿಲೆಗಳ ವರದಿಗಳಿಗೆ ಒಂದು. ಉತ್ತರಕ್ಕೆ 30 ದಿನಗಳ ಗಡುವಿದೆ. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ ಹಾಕಬಹುದು.

ಎರಡನೆಯ ಅರ್ಜಿಯ ಉತ್ತರವನ್ನು ಗಮನವಿಟ್ಟು ಓದಿರಿ. ದಂಡ ಹೆಚ್ಚಿಸಿ ಎಂಬ ಬೇಡಿಕೆ ಭಾಷಣಕ್ಕೆ ಚೆನ್ನ, ಆದರೆ ಸಂಹಿತೆಯು ಅದನ್ನು ಈಗಾಗಲೇ ಹೆಚ್ಚಿಸಿದೆ: ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೇ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ, ಆ ದಂಡದ ಕನಿಷ್ಠ ಅರ್ಧವನ್ನು ಮೃತನ ವಾರಸುದಾರರಿಗೆ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಹಳೆಯ ಕಾಯಿದೆಯಲ್ಲಿ ಸಾವಿನ ಪ್ರಕರಣದ ಕನಿಷ್ಠ ದಂಡ 25,000 ರೂಪಾಯಿ ಇತ್ತು. ಮೊಕದ್ದಮೆಯೇ ಹೂಡದ ಕಡೆ, ಹೂಡಿದ್ದು ವರ್ಷಗಟ್ಟಲೆ ಎಳೆಯುವ ಕಡೆ 5 ಲಕ್ಷವೂ ಒಂದೇ, 25 ಸಾವಿರವೂ ಒಂದೇ. ಅಪಘಾತಗಳ ಸಂಖ್ಯೆಗೂ ಮೊಕದ್ದಮೆಗಳ ಸಂಖ್ಯೆಗೂ ಇರುವ ಅಂತರವನ್ನು ತೋರಿಸಿ, ಪ್ರತಿಯೊಂದು ಸಾವಿನ ವಿಚಾರಣಾ ವರದಿಯ ಪ್ರತಿಯನ್ನು ಗೊತ್ತಾದ ದಿನಗಳೊಳಗೆ ಮನೆಯವರಿಗೆ ಕನ್ನಡದಲ್ಲಿ ತಲುಪಿಸಬೇಕು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಕಾಯಿಲೆಗಳ ಸಾಕ್ಷ್ಯ ಅಪಘಾತದಷ್ಟು ಸುಲಭವಲ್ಲ. ಕ್ರಷರ್‌ನಲ್ಲಿ ಹತ್ತು ವರ್ಷ ದುಡಿದವನು ಕೆಮ್ಮುತ್ತ ಆಸ್ಪತ್ರೆಗೆ ಹೋದರೆ ಟಿಬಿ ಮಾತ್ರೆ ಕೈಗೆ ಬರುತ್ತದೆ; ಎಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಚೀಟಿಯಲ್ಲಿ ಬರೆಯುವವರು ಅಪರೂಪ. ಸಂಹಿತೆಯ ಮೂರನೆಯ ಅನುಸೂಚಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ 29 ಕಾಯಿಲೆಗಳ ಪಟ್ಟಿಯಿದೆ. ಕಲ್ಲಿನ ಧೂಳಿನ ಸಿಲಿಕೋಸಿಸ್, ಹತ್ತಿ ಧೂಳಿನ ಬಿಸಿನೋಸಿಸ್, ಕಾರ್ಬನ್ ಮಾನಾಕ್ಸೈಡ್ ವಿಷ, ಸದ್ದಿನಿಂದ ಬರುವ ಕಿವುಡು ಎಲ್ಲವೂ ಅದರಲ್ಲಿವೆ, ವರದಿ ಮಾಡುವ ಹೊಣೆ ಮಾಲೀಕನಷ್ಟೇ ಅಲ್ಲ, ಚಿಕಿತ್ಸೆ ಕೊಟ್ಟ ವೈದ್ಯರ ಮೇಲೂ ಇದೆ. ಆದ್ದರಿಂದ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್‌ಗಳ ಹೊರರೋಗಿ ಚೀಟಿಯಲ್ಲೇ ವೃತ್ತಿಯ ಕಾಲಂ ಇರಬೇಕು, ಧೂಳಿನ ಕೆಲಸದವರಿಗೆ ಎಕ್ಸ್‌ರೇ ತೆಗೆದು ಸಿಲಿಕೋಸಿಸ್ ದೃಷ್ಟಿಯಿಂದಲೂ ಓದಿಸಬೇಕು ಎಂಬುದನ್ನು ಬೇಡಿಕೆಯಾಗಿಸಿರಿ. ಸಿಲಿಕೋಸಿಸ್ ದೃಢಪಟ್ಟವರಿಗೂ ಅದರಿಂದ ಸತ್ತವರ ಕುಟುಂಬಕ್ಕೂ ನೆರವು ನೀಡುವ ನೀತಿಯನ್ನು ರಾಜಸ್ಥಾನ 2019ರಲ್ಲಿಯೇ ಜಾರಿಗೆ ತಂದಿದೆ. ಒಂದು ರಾಜ್ಯಕ್ಕೆ ಆದದ್ದು ಇನ್ನೊಂದಕ್ಕೆ ಆಗದೆಂದು ಹೇಳುವುದು ಕಷ್ಟ.

ಧೂಳಿನ ಬಗ್ಗೆ ಬರೆಯುವಾಗ ‘ವಿಪರೀತ ಧೂಳು’ ಎಂಬ ಮಾತಿನ ಜೊತೆಗೆ ಅಳತೆಯನ್ನೂ ತನ್ನಿರಿ. ಕಾರ್ಖಾನೆಗಳ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಒಂದು ಸೂತ್ರವಿತ್ತು: ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯುವ ನುಣ್ಣನೆಯ ಧೂಳಿನಲ್ಲಿ ಕ್ವಾರ್ಟ್ಸ್ (ಬೆಣಚುಕಲ್ಲಿನ ಅಂಶ) ಶೇಕಡಾ ಎಷ್ಟಿದೆಯೋ ಅದಕ್ಕೆ 2 ಕೂಡಿಸಿ, ಬಂದದ್ದರಿಂದ 10ನ್ನು ಭಾಗಿಸಿದರೆ ಒಂದು ಘನ ಮೀಟರ್ ಗಾಳಿಯಲ್ಲಿ ಇರಬಹುದಾದ ಧೂಳಿನ ಮಿತಿ ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಕ್ವಾರ್ಟ್ಸ್ ಶೇಕಡಾ 18 ಇದ್ದರೆ ಮಿತಿ ಅರ್ಧ ಮಿಲಿಗ್ರಾಂ. ಅಳೆಯುವ ಉಪಕರಣ ಸಂಘದ ಬಳಿ ಇರುವುದಿಲ್ಲ, ನಿಜ. ಪರಿಸರ ಅನುಮತಿ ಪಡೆದ ಕಾರ್ಖಾನೆಗಳು ಆರು ತಿಂಗಳಿಗೊಮ್ಮೆ ಸಲ್ಲಿಸುವ ಅನುಪಾಲನಾ ವರದಿಗಳನ್ನು ಕೇಳಿ ಪಡೆಯಿರಿ. ಕಾರ್ಮಿಕರ ಆರೋಗ್ಯ ತಪಾಸಣೆಯ ಷರತ್ತು ಉಕ್ಕಿನ ಘಟಕಗಳ ಅನುಮತಿಯಲ್ಲಿ ಸಾಮಾನ್ಯವಾಗಿ ಇರುವುದರಿಂದ ಅದರ ಬಗ್ಗೆ ಕಂಪನಿಯೇ ಬರೆದುಕೊಟ್ಟ ಮಾತು ಅಲ್ಲಿ ಸಿಗುತ್ತದೆ. ಕಾರ್ಖಾನೆ ವಿಸ್ತರಣೆಯ ಸಾರ್ವಜನಿಕ ಅಹವಾಲು ಸಭೆಗೆ 30 ದಿನ ಮುಂಚಿತ ನೋಟಿಸು ಕೊಡಬೇಕು. ಹೊಲಗಳ ಮೇಲಿನ ಕರಿ ಧೂಳಿನ ಬಗ್ಗೆ ರೈತರು ಮಾತಾಡುವ ಆ ಸಭೆಯಲ್ಲಿ ಒಳಗೆ ದುಡಿಯುವವರ ಶ್ವಾಸಕೋಶದ ಬಗ್ಗೆಯೂ ಲಿಖಿತವಾಗಿ ಕೊಟ್ಟರೆ ಅದು ನಡಾವಳಿಗೆ ಸೇರುತ್ತದೆ.

ಗಾಯಾಳುಗಳ ಹೆಸರು, ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಲಗತ್ತಿಸಬಾರದು. ಕೆಲಸ, ವಯಸ್ಸು, ಗುತ್ತಿಗೆಯೋ ಖಾಯಮ್ಮೋ, ಯಾವ ಪಾಳಿ, ಎಷ್ಟನೆಯ ಗಂಟೆ ಎಂಬಿಷ್ಟು ಸಾಕು. ಇನ್ನೂ ದುಡಿಯುತ್ತಿರುವವರ ಹೆಸರು ಬಯಲಾದರೆ ಮರುದಿನವೇ ಗೇಟ್ ಪಾಸ್ ರದ್ದಾಗಬಹುದು ಎಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಬರೆಯುವ ಕ್ರಮ: ಬಿಸಿಲಿನ ಉದಾಹರಣೆ

ಬೇಸಿಗೆಯಲ್ಲಿ ನಮ್ಮ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಆದೇಶ ಬರುವುದುಂಟು. ಫ್ಯಾನಿನ ಕೆಳಗೆ ಕೂರುವವರಿಗೆ ಈ ಬಿಸಿಲು ತಾಳಲಾಗದು ಎಂದು ಸರ್ಕಾರವೇ ಒಪ್ಪಿಕೊಂಡ ದಾಖಲೆಯಿದು. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆ ಸಿಗಲಾರದು. ಅದೇ ಮಧ್ಯಾಹ್ನ ಇಟ್ಟಿಗೆ ಭಟ್ಟಿಯಲ್ಲಿ, ಕ್ರಷರ್‌ನಲ್ಲಿ, ಕುಲುಮೆಯ ಬಾಯಿಯಲ್ಲಿ ದುಡಿಯುವವನಿಗೆ ಅನ್ವಯಿಸುವ ಮಾತು 1948ರ ಕಾಯಿದೆಯ 13ನೆಯ ಕಲಮಿನಲ್ಲಿ ಮುಖ್ಯವಾಗಿ ಇದ್ದದ್ದು ಇದು: ಕೆಲಸದ ಕೋಣೆಯ ಉಷ್ಣತೆ ನೆಮ್ಮದಿಗೂ ಆರೋಗ್ಯಕ್ಕೂ ತಕ್ಕಂತಿರಬೇಕು. ಬಯಲಿನ ಕೆಲಸಕ್ಕೆ ಅದೂ ಇಲ್ಲ. 29 ಕಾಯಿಲೆಗಳ ಪಟ್ಟಿಯಲ್ಲಿ ಬಿಸಿಲ ಹೊಡೆತ ಸೇರಿಲ್ಲ.

ಇದನ್ನು ಪ್ರಸ್ತಾವವಾಗಿ ಬರೆಯುವಾಗ ಐದು ಅಂಶಗಳು ಒಂದರ ಕೆಳಗೊಂದು ಬರಬೇಕು: ಈಗಿರುವ ಪಠ್ಯ, ಅದರ ಕೊರತೆ, ನೀವು ಸೂಚಿಸುವ ಪಠ್ಯ, ಅದಕ್ಕೆ ಆಧಾರ, ಜಾರಿಗೆ ತಗಲುವ ವೆಚ್ಚ. ಬಹಳ ಸಂಘಟನೆಗಳು ಮೊದಲ ಎರಡನ್ನು ಬರೆದು ನಿಲ್ಲಿಸುತ್ತವೆ. ಮೂರನೆಯದೇ ಜೀವಾಳ, ಅದು ಕಾನೂನಿನ ಭಾಷೆಯಲ್ಲಿರಬೇಕು. ಒಂದು ಮಾದರಿ:

‘ಮಾರ್ಚ್ 15ರಿಂದ ಜೂನ್ 15ರವರೆಗೆ, ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ, ನೆರಳಿಲ್ಲದ ಬಯಲಿನಲ್ಲಿ ನಡೆಯುವ ಭಾರವಾದ ದೈಹಿಕ ಕೆಲಸವನ್ನು ಮಧ್ಯಾಹ್ನ 12ರಿಂದ 4ರ ನಡುವೆ ಮಾಡಿಸತಕ್ಕದ್ದಲ್ಲ. ನಿಲ್ಲಿಸಲು ಬಾರದ ನಿರಂತರ ಪ್ರಕ್ರಿಯೆಯಾದ ಪಕ್ಷದಲ್ಲಿ, ಕುಲುಮೆ, ಕಿಲ್ನ್ ಅಥವಾ ಬಾಯ್ಲರ್ ಬಳಿ ಕೆಲಸ ಮಾಡುವ ಪ್ರತಿಯೊಬ್ಬ ಕಾರ್ಮಿಕನಿಗೆ, ಗುತ್ತಿಗೆಯವನೂ ಸೇರಿದಂತೆ, ಪ್ರತಿ 45 ನಿಮಿಷಗಳ ಕೆಲಸಕ್ಕೆ 15 ನಿಮಿಷಗಳ ವಿರಾಮವನ್ನು ತಂಪಾದ ಸ್ಥಳದಲ್ಲಿ, ಕೂಲಿ ಕಡಿತವಿಲ್ಲದೆ ಕೊಡತಕ್ಕದ್ದು.’

ಇಟ್ಟಿಗೆ ಭಟ್ಟಿಯ ಕೆಲಸವನ್ನು ಮುಂಜಾನೆಗೆ ತಳ್ಳಬಹುದು, ಊದು ಕುಲುಮೆಯನ್ನು ಮಧ್ಯಾಹ್ನ ಆರಿಸಿ ಸಂಜೆ ಹೊತ್ತಿಸಲಾಗದು. ಈ ಎರಡನೆಯ ವಾಕ್ಯವಿಲ್ಲದೆ ಮೊದಲನೆಯದನ್ನು ಮಾತ್ರ ಕಳುಹಿಸಿದರೆ ‘ಕಾರ್ಯಸಾಧ್ಯವಲ್ಲ’ ಎಂಬ ಒಂದೇ ಪದದಲ್ಲಿ ಉತ್ತರ ಬರುತ್ತದೆ. ಎದುರಿನವರು ಹೇಳಬಹುದಾದ ಮಾತನ್ನು ಮೊದಲೇ ಊಹಿಸಿ ಪಠ್ಯದೊಳಗೇ ಉತ್ತರ ಇಡುವುದು ಒಳ್ಳೆಯ ಕರಡಿನ ಲಕ್ಷಣ. ಆಧಾರಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ನಿಮ್ಮ ಹೋಬಳಿಯ ದಿನವಾರು ಉಷ್ಣತೆಯನ್ನು ಪಡೆದುಕೊಂಡು, ಕಾರ್ಖಾನೆಯ ಪ್ರಥಮ ಚಿಕಿತ್ಸಾ ಪುಸ್ತಕದಲ್ಲಿ ತಲೆಸುತ್ತಿ ಬಿದ್ದವರ ದಿನಾಂಕಗಳೊಂದಿಗೆ ಹೋಲಿಸಿ ತೋರಿಸಿರಿ. ಗಾಳಿಯ ಉಷ್ಣತೆಯೊಂದೇ ಸಾಲದು, ತೇವವನ್ನೂ ಕುಲುಮೆಯ ಕಾವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ವೆಟ್ ಬಲ್ಬ್ ಗ್ಲೋಬ್ ಅಳತೆಯನ್ನು ಮಾನದಂಡದಲ್ಲಿ ಸೇರಿಸಬೇಕು ಎಂಬ ವಾಕ್ಯವೂ ಇರಲಿ. ಈ ಪ್ರಸ್ತಾವದ ಉಷ್ಣತೆಯ ಭಾಗ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ, ಪಾಳಿ ಮತ್ತು ವಿರಾಮದ ಭಾಗ ರಾಜ್ಯಕ್ಕೆ ಹೋಗಬೇಕು. ಒಂದೇ ಪ್ರತಿಯನ್ನು ಇಬ್ಬರಿಗೂ ಕಳುಹಿಸಿದರೆ ಇಬ್ಬರೂ ಇನ್ನೊಬ್ಬರತ್ತ ಬೊಟ್ಟು ಮಾಡುತ್ತಾರೆ.

ಭಾಷೆಯ ವಿಚಾರವನ್ನು ಸ್ವಲ್ಪ ಹೇಳಬೇಕು. ರಾಜ್ಯಕ್ಕೆ ಕನ್ನಡದಲ್ಲಿಯೇ ಬರೆಯಿರಿ, ಕಲಮುಗಳ ಸಂಖ್ಯೆ ಸರಿಯಿದ್ದರೆ ಇಂಗ್ಲಿಷ್ ಇಲ್ಲವೆಂಬ ಕಾರಣಕ್ಕೆ ಯಾರೂ ತಳ್ಳಿಹಾಕುವಂತಿಲ್ಲ. ಸೂಚನಾ ಫಲಕಗಳನ್ನು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಹಾಕಬೇಕೆಂಬುದು ಹಳೆಯ ಕಾಯಿದೆಯ 108ನೆಯ ಕಲಮಿನಲ್ಲಿತ್ತು. ಬಿಹಾರ, ಒಡಿಶಾಗಳಿಂದ ಬಂದವರು ಅಲ್ಪಸಂಖ್ಯೆಯಲ್ಲಿರುವ ಕಡೆ ಅವರು ಈ ‘ಬಹುಪಾಲಿ’ಗೆ ಸೇರುವುದಿಲ್ಲ. ಕೆಲಸಗಾರರಲ್ಲಿ ಹತ್ತರಲ್ಲಿ ಒಬ್ಬರಾದರೂ ಆಡುವ ಪ್ರತಿಯೊಂದು ಭಾಷೆಯಲ್ಲಿ ಫಲಕ ಮತ್ತು ತರಬೇತಿ ಇರಬೇಕು ಎಂದು ಕೇಳಬಹುದು.

ಸಲ್ಲಿಸುವುದು ಮತ್ತು ಬೆನ್ನು ಹತ್ತುವುದು

ಕರಡು ನಿಯಮಗಳು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತವೆ. ಕರ್ನಾಟಕದ ರಾಜ್ಯಪತ್ರವನ್ನು ಇ-ರಾಜ್ಯಪತ್ರ ಜಾಲತಾಣದಲ್ಲಿ ಓದಬಹುದು. ಈ ಸಂಹಿತೆಯಡಿ ಆಕ್ಷೇಪಣೆಗೆ ಸಾಮಾನ್ಯವಾಗಿ 45 ದಿನಗಳ ಅವಕಾಶವಿರುತ್ತದೆ, ಅಧಿಸೂಚನೆಯಲ್ಲಿ ಬರೆದ ದಿನಾಂಕ ಮತ್ತು ವಿಳಾಸವೇ ಅಂತಿಮ. ಸಂಘದಲ್ಲಿ ಒಬ್ಬರಿಗೆ ವಾರಕ್ಕೊಮ್ಮೆ ಅದನ್ನು ನೋಡುವ ಜವಾಬ್ದಾರಿ ಕೊಡಿರಿ, ಏಕೆಂದರೆ ಪತ್ರಿಕೆಯಲ್ಲಿ ಸುದ್ದಿಯಾಗುವ ಹೊತ್ತಿಗೆ ಅರ್ಧ ಅವಧಿ ಕಳೆದಿರುತ್ತದೆ. ಆಕ್ಷೇಪಣೆಯನ್ನು ಸ್ವೀಕೃತಿಸಹಿತ ಸ್ಪೀಡ್ ಪೋಸ್ಟಿನಲ್ಲಿಯೂ ಇಮೇಲ್‌ನಲ್ಲಿಯೂ ಕಳುಹಿಸಿ, ಎರಡರ ದಾಖಲೆಯನ್ನೂ ಇಟ್ಟುಕೊಳ್ಳಿರಿ. ಒಂದೇ ಒಕ್ಕಣೆಯ ನೂರು ಪತ್ರಗಳಿಗಿಂತ, ಹಮಾಲರ ಸಂಘ ಲೋಡಿಂಗ್ ಬಗ್ಗೆ, ಜಿನ್ನಿಂಗ್ ಮಿಲ್ಲಿನವರು ರೋಲರ್ ಬೇಲಿಯ ಬಗ್ಗೆ, ಉಕ್ಕಿನವರು ಅನಿಲದ ಬಗ್ಗೆ ಬರೆದ ಹತ್ತು ಬೇರೆ ಬೇರೆ ಪತ್ರಗಳಿಗೆ ತೂಕ ಹೆಚ್ಚು. ಕರಡು ಪ್ರಕಟವಾಗದ ಕಾಲದಲ್ಲಿಯೂ ಪ್ರಸ್ತಾವ ಕಳುಹಿಸಬಹುದು. ಸಂಹಿತೆಯ 17ನೆಯ ಕಲಮಿನಡಿ ರಾಜ್ಯ ಸಲಹಾ ಮಂಡಳಿಯೊಂದು ಇರಬೇಕು. ಅದರ ಕಾರ್ಮಿಕ ಪ್ರತಿನಿಧಿಗಳು ಯಾರೆಂದು ತಿಳಿದುಕೊಂಡು ಅವರ ಮೂಲಕವೂ ಕಳುಹಿಸಿರಿ.

ಶಾಸಕರ ಬಳಿ ಹೋಗುವಾಗ ಭಾಷಣ ಮಾಡಿರೆಂದು ಕೇಳುವ ಬದಲು ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಸಿಗುವ) ಪ್ರಶ್ನೆಯೊಂದನ್ನು ಬರೆದುಕೊಂಡೇ ಹೋಗಿರಿ. ಮಾಹಿತಿ ಹಕ್ಕಿನಲ್ಲಿ ಸಿಗದ ಅಂಕಿ ಸದನದ ಉತ್ತರದಲ್ಲಿ ಸಿಗುವುದುಂಟು. ಗಣಿಯ ವಿಷಯವಾದರೆ ಅದೇ ಕೆಲಸವನ್ನು ಸಂಸದರಿಂದ ಮಾಡಿಸಬೇಕು. ವಿಧಾನಮಂಡಲದ ಅರ್ಜಿಗಳ ಸಮಿತಿ, ಅಧೀನ ಶಾಸನ ರಚನಾ ಸಮಿತಿಗಳನ್ನು ನಮ್ಮ ಭಾಗದ ಸಂಘಟನೆಗಳು ಬಳಸಿಕೊಂಡದ್ದು ಕಡಿಮೆ. ನಿಯಮವು ಮೂಲ ಕಾನೂನಿನ ಮಿತಿ ಮೀರಿದೆಯೇ ಎಂದು ನೋಡುವುದೇ ಎರಡನೆಯದರ ಕೆಲಸ. ಅಂದಹಾಗೆ, 371-ಜೆ ವಿಧಿಯಿಂದ ಕಲ್ಯಾಣ ಕರ್ನಾಟಕಕ್ಕೆ ಸುರಕ್ಷತಾ ಕಾನೂನು ಮಾಡುವ ವಿಶೇಷ ಅಧಿಕಾರವೇನೂ ಬಂದಿಲ್ಲ. ಆದರೆ ಧೂಳು ಅಳೆಯುವ ಪ್ರಯೋಗಾಲಯಕ್ಕೆ, ಎಕ್ಸ್‌ರೇ ವಾಹನಕ್ಕೆ ಹಣವಿಲ್ಲ ಎಂಬ ಉತ್ತರ ಬಂದರೆ ಪ್ರದೇಶಾಭಿವೃದ್ಧಿ ಮಂಡಳಿಯನ್ನೂ, ಬಳ್ಳಾರಿಯಂಥ ಕಡೆ ಜಿಲ್ಲಾ ಖನಿಜ ಪ್ರತಿಷ್ಠಾನವನ್ನೂ ತೋರಿಸಬಹುದು. ಆರೋಗ್ಯವು ಆ ಪ್ರತಿಷ್ಠಾನದ ಆದ್ಯತೆಯ ಬಾಬ್ತುಗಳಲ್ಲಿ ಒಂದು.

ಅಂತಿಮ ನಿಯಮ ಪ್ರಕಟವಾದ ದಿನ ನಿಮ್ಮ ಪ್ರತಿಯೊಂದಿಗೆ ಸಾಲು ಸಾಲಾಗಿ ಹೋಲಿಸಿ ನೋಡಿರಿ. ಸೇರದ ಅಂಶಗಳ ಬಗ್ಗೆ, ನಮ್ಮ ಆಕ್ಷೇಪಣೆಯನ್ನು ಪರಿಶೀಲಿಸಿದ ಕಡತದ ಟಿಪ್ಪಣಿಯ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿರಿ. ಟಿಪ್ಪಣಿಯಲ್ಲಿ ಕಾರಣ ಬರೆದಿದ್ದರೆ ಮುಂದಿನ ಸಲದ ಕರಡಿಗೆ ಅದೇ ಆರಂಭ. ಆಕ್ಷೇಪಣೆಯನ್ನು ಯಾರೂ ತೆರೆದೇ ನೋಡಿಲ್ಲವೆಂದು ಕಡತ ತೋರಿಸಿದರೆ, ವಕೀಲರ ಸಲಹೆ ಪಡೆದು ಸಂವಿಧಾನದ 226ನೆಯ ಅನುಚ್ಛೇದದಡಿ ಹೈಕೋರ್ಟಿಗೆ ಹೋಗುವ ದಾರಿಯಿದೆ. ಬಳ್ಳಾರಿ, ಕೊಪ್ಪಳದವರಿಗೆ ಅದು ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ; ಅಂಚೆಯ ಸ್ವೀಕೃತಿ ಚೀಟಿ, ಅಧಿಸೂಚನೆಯ ಪ್ರತಿ, ಕಡತದ ಟಿಪ್ಪಣಿ ಈ ಮೂರೂ ಅರ್ಜಿಗೆ ಲಗತ್ತಾಗಿರಬೇಕು.